ನೀರು ಬಿಡುವ ಭಾಗಪ್ಪನ ದಂಟಿನ ಊರು

ಬೆಳಗಿನ ಐದಕ್ಕೆ ಇನ್ನೂ ಹತ್ತು ನಿಮಿಷ ಇದೆ. ಅರಳವಾಡದ ಸುತ್ತಲಿನ ಬಿಳಿಜೋಳದ ಹೊಲಗಳು ಮಂಜು ಹೊದ್ದು ಮಲಗಿವೆ. ತೆನೆಯೊಳಗೆ ಹಾಲು ತುಂಬುವ ದಿನಗಳಿವು. ಗಾಳಿಗೇ ಒಂದು ಹಸಿ ಸಿಹಿ ವಾಸನೆ ಅಂಟಿಕೊಂಡಿದೆ. ಬಬಲೇಶ್ವರದ ಕಡೆಯಿಂದ ಬರುವ ಮೊದಲ ಬಸ್ಸಿನ ದೀಪ ದೂರದ ಏರಿನಲ್ಲಿ ಒಮ್ಮೆ ಮಿನುಗಿ ಮರೆಯಾಗುತ್ತದೆ. ನೀರಿನ ಟ್ಯಾಂಕಿನ ಬುಡದಲ್ಲಿ ಮಫ್ಲರ್ ಸುತ್ತಿಕೊಂಡ ಒಬ್ಬ ಮನುಷ್ಯ ಕಬ್ಬಿಣದ ಉದ್ದನೆಯ ಚಾವಿಯನ್ನು ವಾಲ್ವಿನ ಗುಂಡಿಯೊಳಗೆ ಇಳಿಸಿ, ಎರಡೂ ಕೈಯಿಂದ ಮೆಲ್ಲಗೆ ತಿರುಗಿಸುತ್ತಾರೆ. ಒಂದು ಸುತ್ತು, ಎರಡು, ಮೂರೂವರೆ. ಆಮೇಲೆ ಬಲಗಾಲನ್ನು ಉದ್ದಕ್ಕೆ ಚಾಚಿ ನೆಲಕ್ಕೇ ಕೂತು, ಚಾವಿಯ ತುದಿಗೆ ಕಿವಿ ಹಚ್ಚುತ್ತಾರೆ.

ಕೊಳವೆಯೊಳಗೆ ಸದ್ದು ಹುಟ್ಟುವವರೆಗೆ ಕಾಯುತ್ತಾರೆ. ಮುಖದ ಮೇಲೆ ನಿದ್ದೆಯಲ್ಲಿ ನಗುವ ಮಗುವಿನಂಥ ಒಂದು ಭಾವ ಬಂದು ನಿಲ್ಲುತ್ತದೆ.

“ಮೊದಲ ಗಾಳಿ ಬರ್ತೈತ್ರಿ. ಕೊಳವ್ಯಾಗ ಯಾರೋ ಉಸರು ಬಿಟ್ಟಂಗ. ಆಮ್ಯಾಲ ನೀರು. ಅದರ ಸಪ್ಪಳನ ಬ್ಯಾರೆ. ಕಿವಿ ಹಚ್ಚಿದ್ರ ಯಾವ ಓಣಿ ಮುಟ್ಟೈತಿ ಅನ್ನೂದು ಗೊತ್ತಾಗ್ತೈತಿ. ಈಗ ನೋಡ್ರಿ, ಗುಡಿ ಮೂಲಿ ದಾಟಿತು.”

ಅವರು ಹೇಳಿ ಬಾಯಿ ಮುಚ್ಚುವಷ್ಟರಲ್ಲಿ ಗುಡಿಯ ಮೂಲೆಯಾಚೆ ಒಂದು ನಲ್ಲಿ ಕೆಮ್ಮುತ್ತದೆ. ಕೊಡ ಇಡುವ ಸದ್ದು. ಒಂದು ದೀಪ ಹೊತ್ತುತ್ತದೆ, ಅದರ ಪಕ್ಕದ್ದು, ಅದರಾಚೆಯದು. ನೀರು ನಡೆದ ದಾರಿಯಲ್ಲೇ ಊರು ಎಚ್ಚರಗೊಳ್ಳುತ್ತ ಹೋಗುತ್ತದೆ.

ಇವರ ಹೆಸರು ಭಾಗಪ್ಪ. ವಯಸ್ಸು ಐವತ್ತನಾಲ್ಕು. ಬಬಲೇಶ್ವರದಿಂದ ಸಾರವಾಡದ ಕಡೆ ಹೊರಳುವ ರಸ್ತೆಯಲ್ಲಿರುವ ಅರಳವಾಡದಲ್ಲಿ ಎಂಟುನೂರಕ್ಕೂ ಹೆಚ್ಚು ಮನೆಗಳಿವೆ, ಮೂವತ್ತೊಂದು ವಾಲ್ವುಗಳಿವೆ. ಮೂವತ್ತೆರಡು ವರ್ಷಗಳಿಂದ ಆ ವಾಲ್ವುಗಳನ್ನು ತೆರೆದು ಮುಚ್ಚುವುದೇ ಇವರ ಕೆಲಸ. ಊರಲ್ಲಿ ಇವರನ್ನು ಯಾರೂ ಬರೀ ಭಾಗಪ್ಪ ಎನ್ನುವುದಿಲ್ಲ, ‘ನೀರ ಭಾಗಪ್ಪ’ ಎನ್ನುತ್ತಾರೆ. ಒಂದೊಂದು ಓಣಿಗೆ ನಲವತ್ತು ನಿಮಿಷ ನೀರು. ಬೆಳಿಗ್ಗೆ ಒಂದು ಸುತ್ತು, ಸಂಜೆ ಒಂದು ಸುತ್ತು. ಎರಡೂ ಸೇರಿದರೆ ಹದಿನಾಲ್ಕು ಕಿಲೋಮೀಟರ್ ನಡಿಗೆ. ಈಗ ಅವರು ಅಷ್ಟು ನಡೆಯುವುದಿಲ್ಲ. ಟ್ಯಾಂಕಿನ ಹತ್ತಿರದ ಹನ್ನೊಂದು ವಾಲ್ವು ಮಾತ್ರ ಇವರವು, ಅದೂ ಬೆಳಗಿನ ಸುತ್ತಿಗೆ. ಉಳಿದದ್ದನ್ನೆಲ್ಲ ಸಿದ್ದರಾಮ ಎನ್ನುವ ಜೊತೆಗಾರ ಮೋಟಾರ್ ಸೈಕಲ್ಲಿನ ಮೇಲೆ ಮುಗಿಸುತ್ತಾನೆ. ಯಾಕೆ ಹೀಗೆ ಎಂದು ಕೇಳಿದರೆ ಭಾಗಪ್ಪ ಬಲತೊಡೆಯ ಮೇಲೆ ಕೈಯಾಡಿಸುತ್ತಾರೆ. ಅಲ್ಲಿ ಒಂದು ಉಕ್ಕಿನ ಪಟ್ಟಿ, ಏಳು ಸ್ಕ್ರೂ ಇವೆ.

“ಕಾಲು ಮುರೀತು, ಹಂಗಾಗಿ ನನಗೊಂದು ಮನಿ ಸಿಕ್ಕಿತ್ರಿ,” ಎನ್ನುತ್ತಾರೆ. ಈ ಮಾತನ್ನು ಅವರು ತಮಾಷೆಗೆ ಹೇಳುವುದಿಲ್ಲ.

ಮನೆ ಮೊದಲೂ ಇತ್ತು. ಊರ ಅಂಚಿನಲ್ಲಿ ಎರಡು ಖೋಲಿ, ಮುಂದೊಂದು ಪಡಸಾಲೆ, ಹಿಂದೆ ಹಿತ್ತಲು. ಗೋಡೆಯ ಮೇಲೆ ಕಣ್ಣು ಮುಚ್ಚಿ ಕೂತ ಬುದ್ಧನ ಪಟ, ಅದರ ಕೆಳಗೆ ಭಾಗಪ್ಪನ ತಂದೆಯದು. ಊರಿಗೆ ಮೊದಲ ಕೊಳವೆ ಹಾಕಿದಾಗ ನೆಲ ಅಗೆದವರಲ್ಲಿ ಆ ತಂದೆಯೂ ಒಬ್ಬರು. ಆಗ ಭಾಗಪ್ಪನಿಗೆ ಇಪ್ಪತ್ತೆರಡು. ತಂದೆಯ ಜೊತೆ ಗುದ್ದಲಿ ಹಿಡಿದು ನಿಂತವರು ಪ್ರತಿ ತಿರುವು, ಪ್ರತಿ ಕೂಡುಕೊಳವೆ ಎಲ್ಲಿ ಮಣ್ಣಿನೊಳಗೆ ಹೋಯಿತೆಂದು ಕಣ್ಣಾರೆ ನೋಡಿದ್ದರು. ಕಾಗದದ ಮೇಲೆ ಯಾರೂ ಬರೆದಿಡಲಿಲ್ಲ, ಬರೆಯುವ ಅಗತ್ಯವೂ ಬೀಳಲಿಲ್ಲ. ಭಾಗಪ್ಪ ಇದ್ದರಲ್ಲ.

ನಸುಕಿಗೆ ಎದ್ದು ಹೋದರೆ ಒಂಬತ್ತಕ್ಕೆ ವಾಪಸು, ರೊಟ್ಟಿ ತಿಂದು ಯಾರದಾದರೂ ಹೊಲದ ಕೆಲಸಕ್ಕೆ, ಸಂಜೆ ಮತ್ತೆ ಚಾವಿ. ಹೆಂಡತಿ ಪರಸವ್ವ ಹಿತ್ತಲಲ್ಲಿ ಏನು ಬೆಳೆಸುತ್ತಾರೆ, ಮಧ್ಯಾಹ್ನ ಸೂಜಿ ಹಿಡಿದು ಏನು ಹೊಲಿಯುತ್ತಾರೆ, ಮಗಳು ಸಂಘಮಿತ್ರಾ ಯಾವ ಮೂಲೆಯಲ್ಲಿ ಕೂತು ಓದಿ ಪಾಸಾದಳು, ಒಂದನ್ನೂ ಅವರು ಕಂಡಿರಲಿಲ್ಲ. “ಮನಿ ಅಂದ್ರ ನನಗ ಹಾಸಗಿ ಹಾಸೂ ಜಾಗಾ ಆಗಿತ್ತು. ಊರಿನ ಎಲ್ಲಾ ನಳದ ಸಪ್ಪಳಾ ಗೊತ್ತು. ನಮ್ಮ ಮನಿ ನಳಾ ಹೆಂಗ ಸಪ್ಪಳಾ ಮಾಡ್ತೈತಿ ಅನ್ನೂದು ಗೊತ್ತಿದ್ದಿಲ್ಲ.”

ಒಂದೂವರೆ ವರ್ಷದ ಹಿಂದಿನ ಶ್ರಾವಣ. ಎರಡು ದಿನ ಜಿಟಿಜಿಟಿ ಹಿಡಿದಿತ್ತು. ಸಂಜೆಯ ಸುತ್ತು ಮುಗಿಸುವ ಹೊತ್ತಿಗೆ ಆಳದ ಒಂದು ಗುಂಡಿಯ ಅಂಚಿನ ಕಲ್ಲು ಜಾರಿತು. ಭಾಗಪ್ಪ ಕಬ್ಬಿಣದ ಚಾವಿಯ ಸಮೇತ ಒಳಗೆ ಬಿದ್ದರು. ತೊಡೆಯ ಎಲುಬು ಎರಡು ಕಡೆ ಮುರಿದಿತ್ತು. ವಿಜಯಪುರದ ಆಸ್ಪತ್ರೆಯಲ್ಲಿ ಇಪ್ಪತ್ತಾರು ದಿನ ಮಲಗಿ, ಮನೆಗೆ ಬಂದಾಗ ಡಾಕ್ಟರು ಹೇಳಿ ಕಳಿಸಿದ್ದು ಒಂದೇ ಮಾತು: ಎಂಟು ತಿಂಗಳು ಆ ಕಾಲಿನ ಮೇಲೆ ಭಾರ ಹಾಕಬಾರದು.

ಪಡಸಾಲೆಯಲ್ಲಿ ಮಲಗಲು ಹಗ್ಗದ ಹೊರಸು ಹಾಕಿದರು. ಮೊದಲ ತಿಂಗಳು ಮನೆಯವರಿಗೆ ಭಾಗಪ್ಪ ಯಾರೆಂದು ಗುರುತೇ ಸಿಗಲಿಲ್ಲ. ಒಂದು ಕೊಡ ಉರುಳಿದರೆ ಬೈಗುಳ, ಬಾಗಿಲು ಕಿರುಗುಟ್ಟಿದರೆ ಬೈಗುಳ. ನಸುಕಿಗೆ ಅವರಷ್ಟಕ್ಕೆ ಅವರಿಗೆ ಎಚ್ಚರಾಗುತ್ತಿತ್ತು. ಸಿದ್ದರಾಮ ತಡವಾಗಿ ನೀರು ಬಿಟ್ಟರೆ ಮಲಗಿದಲ್ಲಿಂದಲೇ ಚಡಪಡಿಸುತ್ತಿದ್ದರು. ಒಂದು ಮಧ್ಯಾಹ್ನ ಪರಸವ್ವ ತಂದಿಟ್ಟ ತಾಟನ್ನು ಕೈಯಿಂದ ತಳ್ಳಿಬಿಟ್ಟರು. ರೊಟ್ಟಿ ಒಂದು ಕಡೆ, ಪುಂಡಿಪಲ್ಯ ಒಂದು ಕಡೆ.

“ಆ ಗುಂಡ್ಯಾಗ ಸತ್ತಿದ್ರ ಚಲೋ ಇತ್ತು,” ಎಂದರು.

ಪರಸವ್ವ ನೆಲ ಒರೆಸಿದರು. ತಾಟು ತೊಳೆದಿಟ್ಟರು. ಹಿತ್ತಲಿಗೆ ಹೋಗಿ, ಬಣವೆಯಿಂದ ಒಣಗಿದ ಜೋಳದ ದಂಟಿನ ಒಂದು ಹೊರೆ ಎಳೆದು ತಂದು ಹೊರಸಿನ ಪಕ್ಕ ಕೆಡವಿ, ಮೇಲೊಂದು ಕುಡಗೋಲು ಇಟ್ಟರು.

“ಸಾಯೂದು ಆಮ್ಯಾಲ ನೋಡೋಣಂತ. ಹಿತ್ತಲದಾಗ ಹೀರಿ ಬಳ್ಳಿ ಬಗ್ಗಿ ನೆಲಾ ಹಿಡದೈತಿ. ಅದಕ್ಕೊಂದು ತಡಿಕಿ ಬೇಕು. ಕುಂತಲ್ಲೇ ಕಟ್ಟಿಕೊಡು.”

ಇದನ್ನು ಈಗ ಹೇಳುವಾಗ ಪರಸವ್ವನಿಗೆ ನಗು ತಡೆಯುವುದಿಲ್ಲ. “ಸಿಟ್ಟು ನನಗೂ ಬಂದಿತ್ತು. ಖರೇ ಹೇಳ್ಬೇಕಂದ್ರ ಆ ಹೊರಿ ಮೈಮ್ಯಾಲ ಒಗೀಬೇಕು ಅನ್ನಿಸಿತ್ತ್ರಿ. ಕಾಲು ನೋಡಿ ಬಿಟ್ಟೆ.”

ಭಾಗಪ್ಪ ಎರಡು ದಿನ ಆ ಹೊರೆಯನ್ನು ಮುಟ್ಟಲಿಲ್ಲ. ಮೂರನೆಯ ದಿನ ಒಂದು ದಂಟು ಎತ್ತಿಕೊಂಡರು. ಹೊರಗಿನ ಗಟ್ಟಿ ಸಿಬಿರು ಸೀಳಿ ಎಳೆದಾಗ ಒಳಗಿನ ಬೆಂಡು ಹತ್ತಿಯಷ್ಟು ಹಗುರಾಗಿ, ಬಿಳಿ ಬತ್ತಿಯಂತೆ ಅಂಗೈಗೆ ಬಂತು. ತಡಿಕೆಗೆ ಬೇಕಾದದ್ದು ಸಿಬಿರು. ಬೆಂಡು ಉಳಿಯಿತು. ಉಳಿದ ಬೆಂಡನ್ನು ಕೈ ತಾನಾಗಿಯೇ ತುಂಡು ಮಾಡಿತು, ಸಿಬಿರಿನ ಮೊನೆಯನ್ನು ಅದರೊಳಗೆ ಚುಚ್ಚಿತು. ಸಂಜೆ ಸಂಘಮಿತ್ರಾ ಬಸ್ಸಿಳಿದು ಮನೆಗೆ ಬರುವ ಹೊತ್ತಿಗೆ ಹೊರಸಿನ ಅಂಚಿನಲ್ಲಿ ಅಂಗೈಯಗಲದ ಒಂದು ಚಕ್ಕಡಿ ನಿಂತಿತ್ತು. ಎರಡು ಗಾಲಿ, ನೊಗ, ಹಿಂದೆ ಹುಲ್ಲಿನ ಒಂದು ಎಳೆ ಹೇರು.

ಸಂಘಮಿತ್ರಾ ವಿಜಯಪುರದ ಒಂದು ರಕ್ತಪರೀಕ್ಷಾ ಕೇಂದ್ರದಲ್ಲಿ ಕೆಲಸ ಮಾಡುತ್ತಾಳೆ. ಇಪ್ಪತ್ತನಾಲ್ಕರ ಹುಡುಗಿ. ಅಂದು ಬ್ಯಾಗು ಹೆಗಲಿಂದ ಇಳಿಸದೆ ನೆಲಕ್ಕೆ ಕೂತು ಆ ಗಾಡಿಯನ್ನು ಒಂದು ಬೆರಳಿಂದ ಮುಂದೆ ತಳ್ಳಿದಳು, ಹಿಂದೆ ಎಳೆದಳು.

“ಅಪ್ಪಾ, ಇದನ್ನ ನಾ ಸಣ್ಣಾಕಿದ್ದಾಗ ಯಾಕ ಮಾಡಿಕೊಡಲಿಲ್ಲ?”

ಮರುದಿನ ಅವರು ಒಂದು ಎತ್ತಿನ ಜೋಡಿ ಮಾಡಿದರು.

ಹೊರಸಿನ ಮೇಲಿನ ಆ ದಿನಗಳನ್ನು ಭಾಗಪ್ಪ ಕನಸಿನ ಹಾಗೆ ನೆನೆಯುತ್ತಾರೆ. ಬೆಳಗಿನ ಬಿಸಿಲು ಮೊದಲು ಹಿತ್ತಲ ನುಗ್ಗಿಯ ತುದಿಗೆ ಬರುತ್ತದೆ, ಆಮೇಲೆ ಕರಿಬೇವಿಗೆ ಇಳಿಯುತ್ತದೆ, ದುಂಡುಮಲ್ಲಿಗೆಯ ಬುಡಕ್ಕೆ ಮುಟ್ಟುವಾಗ ಪರಸವ್ವ ಪಾತ್ರೆ ತೊಳೆದ ನೀರನ್ನು ಅಲ್ಲಿಗೇ ಚೆಲ್ಲುತ್ತಾರೆ. ಬದನೆ ಗಿಡಕ್ಕೆ ಒಲೆಯ ಬೂದಿ. ಚೆಂಡುಹೂವಿನ ಸಾಲಿನಲ್ಲಿ ಒಂದು ಜೋಡಿ ಗುಬ್ಬಿ. ಹನ್ನೊಂದರ ಹೊತ್ತಿಗೆ ಬಿಸಿಲು ಪಡಸಾಲೆಯ ಮೂರನೇ ಕಲ್ಲಿಗೆ ಬಂದು ನಿಂತಾಗ ಪರಸವ್ವ ಕೌದಿಯ ಗಂಟು ಬಿಚ್ಚಿ ಸೂಜಿಗೆ ದಾರ ಪೋಣಿಸಲು ತಿಣುಕುತ್ತಾರೆ. ದೃಷ್ಟಿ ಮಂದವಾಗಿದೆ ಎನ್ನುವುದೂ ಭಾಗಪ್ಪನಿಗೆ ಆಗಲೇ ಗೊತ್ತಾದದ್ದು. “ಕೊಡಿಲ್ಲಿ,” ಎಂದು ಇಸಿದುಕೊಂಡು ಪೋಣಿಸಿಕೊಟ್ಟರು. ಅಂದಿನಿಂದ ದಿನಾ ಎಂಟು ಸೂಜಿಗಳಿಗೆ ದಾರ ಹಾಕಿ ಸಾಲಾಗಿ ಚುಚ್ಚಿಡುವುದು ಅವರ ಪಾಲಿನ ಕೆಲಸವಾಯಿತು. ಮತ್ತು ಒಂದು ನಸುಕಿನಲ್ಲಿ ಮನೆಯ ನಲ್ಲಿಗೆ ನೀರು ಬಂದದ್ದನ್ನು ಮಲಗಿಕೊಂಡೇ ಕೇಳಿದರು. ಸಣ್ಣಗೆ ಸಿಳ್ಳೆ, ಎರಡು ಬಿಕ್ಕಳಿಕೆ, ಆಮೇಲೆ ಧೋ ಎಂದು. “ನಮ್ಮ ನಳಾ ಎಲ್ಲಾದಕ್ಕಿಂತ ಚಂದ ಸಪ್ಪಳಾ ಮಾಡ್ತೈತ್ರಿ. ಇದು ನಮ್ಮದು ಅಂತ ಹೇಳೂ ಮಾತಲ್ಲ.”

ಗಾಡಿ, ಎತ್ತು, ತೊಟ್ಟಿಲು ಆದ ಮೇಲೆ ಒಂದು ದಿನ ಭಾಗಪ್ಪ ನೀರಿನ ಟ್ಯಾಂಕು ಮಾಡಿದರು. ಟ್ಯಾಂಕಿನಿಂದ ಒಂದು ಕೊಳವೆ ಇಳಿಯಬೇಕಲ್ಲ, ಇಳಿಯಿತು. ಕೊಳವೆ ಗುಡಿಯ ಮೂಲೆಗೆ ಹೋಗಿ ಎರಡಾಗಬೇಕು, ಆಯಿತು. ಅವರು ಕಣ್ಣು ಮುಚ್ಚಿ ಓಣಿ ಓಣಿ ನಡೆದರು; ಕೈ ಕಣ್ಣಿನ ಹಿಂದೆ ನಡೆಯಿತು. ತೆಳ್ಳನೆ ಬೆಂಡುಗಳ ಕೊಳವೆಗಳು, ಪ್ರತಿ ವಾಲ್ವಿಗೆ ಮೆಣಸಿನಕಾಳಿನಷ್ಟು ಬೆಂಡಿನ ಒಂದು ಗುಂಡು, ಮನೆಗೊಂದು ಚೌಕ. ಹತ್ತು ದಿನದ ಕೆಲಸ ನೆಲದ ಮೇಲೆ ಹರಡಿತ್ತು. ಒಂದು ಮಧ್ಯಾಹ್ನ ಬಾಗಿಲಿಂದ ಬೀಸಿದ ಗಾಳಿಗೆ ಅರ್ಧ ಊರು ಹಾರಿ ಹಿತ್ತಲಿಗೆ ಹೋಯಿತು.

ಭಾಗಪ್ಪ ಮುಖ ಸಣ್ಣದು ಮಾಡಿಕೊಂಡು ಕೂತದ್ದನ್ನು ಪರಸವ್ವ ನೋಡಿದರು. “ಮಣ್ಣಿಲ್ಲದ ಊರು ಎಲ್ಲ್ಯಾರ ನಿಲ್ತೈತೇನು? ತಡಿ, ಕೆಳಗೊಂದು ನೆಲಾ ಹಾಸಿಕೊಡ್ತೇನಿ. ಅದಕ್ಕ ಚುಚ್ಚು,” ಎಂದರು.

ಆ ನೆಲ ಒಂದು ಕೌದಿ. ಹಳೆಯ ಬಟ್ಟೆಗಳ ಪದರ ಪೇರಿಸಿ ಒತ್ತೊತ್ತಾಗಿ ಕೈಹೊಲಿಗೆ ಹಾಕಿದ ದಪ್ಪ ಹೊದಿಕೆ. ಪರಸವ್ವ ಕೌದಿ ಹೊಲಿದುಕೊಡುವುದು ಊರಿಗೆ ಹೊಸದಲ್ಲ. ಆದರೆ ಈ ಸಲ ಅವರು ಒಂದು ಹಟ ಹಿಡಿದರು. ಯಾವ ಓಣಿಯೋ ಆ ಓಣಿಯವರ ಬಟ್ಟೆಯೇ ಅಲ್ಲಿಗೆ ಕೂರಬೇಕು. ಚೀಲ ಹಿಡಿದು ಮನೆ ಮನೆಗೆ ಹೋದರು. ಮೇಲಿನ ಓಣಿಯಿಂದ ಇಳಕಲ್ ಸೀರೆಯ ಸೆರಗು, ಬಡಿಗೇರ ಓಣಿಯಿಂದ ಪಟ್ಟಾಪಟ್ಟಿ ಲುಂಗಿ, ಪೀರಾಂಬಿ ಎನ್ನುವ ಮುದುಕಿಯ ಮನೆಯಿಂದ ಹಸಿರು ದುಪಟ್ಟಾದ ಒಂದು ತುಂಡು, ಒಂದು ಮನೆಯಿಂದ ಶಾಲೆಗೆ ಹಾಕಿಕೊಂಡು ಹೋದ ನೀಲಿ ಲಂಗ. ಬಟ್ಟೆಯ ಜೊತೆ ಒಂದೊಂದು ಮಾತೂ ಬಂತು. ಇದು ಮೊದಲ ಮಗಳ ತೊಟ್ಟಿಲಿಗೆ ಉಟ್ಟದ್ದು, ಇದನ್ನು ಅವರು ಹೋದ ಮೇಲೆ ಉಡಲಿಲ್ಲ. ಪರಸವ್ವ ಕೇಳಿಸಿಕೊಂಡು ಬಂದು, ಕೂತು ಹೊಲಿದರು. ಭಾಗಪ್ಪ ಪಕ್ಕದಲ್ಲಿ ದಂಟು ಸುಲಿಯುತ್ತ, “ಇಲ್ಲಿ ಹೊಳ್ಳಬೇಕು, ಇಲ್ಲಿ ಸಣ್ಣದಾಗಬೇಕು,” ಎಂದು ಓಣಿಯ ತಿರುವು ಹೇಳಿದರು. ಸಂಘಮಿತ್ರಾ ಬಜಾರಿನಿಂದ ಬಣ್ಣದ ದಾರ, ಗುಂಡುಸೂಜಿ ತಂದಳು. ಸುಗ್ಗಿ ಮುಗಿಯುವ ಹೊತ್ತಿಗೆ ಪಡಸಾಲೆಯ ತುಂಬ ಅರಳವಾಡ ಹರಡಿ ಕೂತಿತ್ತು.

ಸುದ್ದಿ ಹಬ್ಬಿತು. ಜನ ಬಂದು ಬಾಗಿಲಲ್ಲಿ ನಿಂತು ಕತ್ತು ಚಾಚಿ, ತಮ್ಮ ಮನೆ ಹುಡುಕಿ, ನಕ್ಕು ಹೋದರು. ಮೇಲಿನ ಓಣಿಯ ಅಕ್ಕನಾಗಮ್ಮನೂ ಬಂದರು. ಕಾಳಿನ ವ್ಯಾಪಾರದ ದೊಡ್ಡ ಮನೆಯವರು. ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಈ ಅಂಗಳಕ್ಕೆ ಬಂದು, ಹೊರಗೇ ನಿಂತು, ‘ಭಾಗಪ್ಪಾ, ನೀರು ಸಣ್ಣ ಬರಾಕತ್ತೈತಿ ನೋಡೋ’ ಎಂದು ಹೇಳಿ ಹೋದವರು. ಅಂದು ಹೊಸ್ತಿಲ ಹತ್ತಿರ ಒಂದು ಗಳಿಗೆ ನಿಂತು, ಚಪ್ಪಲಿ ಬಿಟ್ಟು ಒಳಗೆ ಬಂದರು. ಬಗ್ಗಿ ನೋಡಿದರು. ತಮ್ಮ ಸೀರೆಯ ಕೆಂಪು ಸೆರಗು ಸಿಕ್ಕಿತು. ಅದಕ್ಕೆ ಅಂಟಿಕೊಂಡೇ ಮುಂದಿನ ಓಣಿಯ ಲುಂಗಿ ಬಟ್ಟೆ ಇತ್ತು. ಎರಡರ ನಡುವೆ ಪರಸವ್ವನ ಬಿಳಿ ಹೊಲಿಗೆ.

“ಇದು ನಮ್ಮನಿ ಏನ್ ಪರಸವ್ವಾ?”

“ಹೌದ್ರೀ ಅಕ್ಕಾ. ಅಂಗಳದಾಗಿನ ಬೇವಿನ ಗಿಡಾನೂ ಐತಿ ನೋಡ್ರಿ.”

ಅಕ್ಕನಾಗಮ್ಮ ನೆಲದ ಮೇಲೆ ಕೂತರು. ಪರಸವ್ವ ಕೊಟ್ಟ ಚಹಾ ಕುಡಿದರು. ಕಪ್ಪು ಖಾಲಿಯಾದ ಮೇಲೂ ಅದನ್ನು ಹಿಡಿದುಕೊಂಡೇ ಬಹಳ ಹೊತ್ತು ಕೂತಿದ್ದರು ಎಂದು ಪರಸವ್ವ ನೆನೆಯುತ್ತಾರೆ.

ಏಪ್ರಿಲ್ ಬಂತು. ಬಿಸಿಲು ಏರಿತು. ಆಗಲೇ ಊರಿನ ಕೆಳಭಾಗದ ಹುಣಸಿ ಓಣಿಗೆ ನೀರು ನಿಂತಿತು. ನಲವತ್ತು ಮನೆ. ಮೊದಲ ದಿನ ಸಣ್ಣ ಧಾರೆ, ಎರಡನೇ ದಿನ ಬರೀ ಗಾಳಿ. ಎಲ್ಲೋ ಕೊಳವೆ ಕಟ್ಟಿದೆ ಎಂದು ಸಿದ್ದರಾಮನಿಗೆ ತಿಳಿಯಿತು. ಆ ಓಣಿಯ ವಾಲ್ವೇ ಕೈಕೊಟ್ಟಿರಬೇಕು. ಆದರೆ ಅದು ಎಲ್ಲಿದೆ? ಪಕ್ಕದ ಓಣಿಯ ವಾಲ್ವು ತೆರೆದರೆ ಇಲ್ಲಿಗೂ ನೀರು ಬರುತ್ತಿದ್ದರಿಂದ ದಿನದ ಸುತ್ತಿಗೆ ಸೇರದೆ, ವರ್ಷಾನುಗಟ್ಟಲೆ ತೆರೆದೇ ಬಿಟ್ಟಿದ್ದ ವಾಲ್ವು ಅದು, ಮುಟ್ಟುವ ಪ್ರಸಂಗವೇ ಬಂದಿರಲಿಲ್ಲ. ಅದರ ಮೇಲೆ ಮಣ್ಣು ಬಿದ್ದು, ಮಣ್ಣಿನ ಮೇಲೆ ಒಂಬತ್ತು ವರ್ಷದ ಹಿಂದೆ ಸಿಮೆಂಟು ರಸ್ತೆ ಬಂದಿತ್ತು. ಮಲಗಿದವರಿಗೆ ಯಾಕೆ ತ್ರಾಸು ಎಂದು ಸಿದ್ದರಾಮ ಭಾಗಪ್ಪನನ್ನು ಕೇಳದೆ, ಅಂದಾಜಿನ ಮೇಲೆ ಮೂರು ಕಡೆ ಅಗೆಸಿದ. ಸಿಕ್ಕಿದ್ದು ಬರೀ ಕಲ್ಲು. ಹೆಂಗಸರು ಎರಡು ಹೊಲ ದಾಟಿ ತೋಟದ ಬಾವಿಯಿಂದ ಕೊಡ ಹೊರತೊಡಗಿದರು. ಐದನೇ ದಿನ, ಬಾಣಂತಿ ಮಗಳಿಗೆ ನೀರು ತರಲು ಹೋದ ಹುಲಿಗೆವ್ವ ಎನ್ನುವ ಹೆಂಗಸು ಬಿಸಿಲಿಗೆ ತಲೆ ತಿರುಗಿ ದಾರಿಯಲ್ಲೇ ಬಿದ್ದರು. ಎಬ್ಬಿಸಿ ನೆರಳಿಗೆ ತಂದರು, ಕೊಡ ಒಡೆದಿತ್ತು.

ಸಿದ್ದರಾಮ ಅದೇ ಸಂಜೆ ಭಾಗಪ್ಪನ ಮನೆಗೆ ಬಂದು ತಲೆ ಮೇಲೆ ಕೈಹೊತ್ತು ಕೂತ.

“ಮಾವಾ, ನಾಳೆ ಹುಡುಕಿ ಕೊಡಲಿಲ್ಲಂದ್ರ ರಸ್ತಾ ಪೂರಾ ಒಡೀಬೇಕಾಗ್ತೈತಿ. ಅದಕ್ಕ ಇನ್ನ ಎಷ್ಟು ದಿನ ಹೋಗ್ತಾವೋ ಏನೋ.”

ಭಾಗಪ್ಪ ಬಲಗಾಲು ನೆಲಕ್ಕೆ ತಾಗಿಸದೆ ಕೋಲೂರಿಕೊಂಡು ಎದ್ದು ಕೌದಿಯ ಅಂಚಿಗೆ ಬಂದರು. ಹುಣಸಿ ಓಣಿಯ ಮೇಲೆ ಬೆರಳಿಟ್ಟರು. “ಇಲ್ಲೈತಿ. ಓಣಿ ಬಾಯಾಗಿನ ಹುಣಸಿ ಗಿಡದಿಂದ ಇಪ್ಪತ್ತೆರಡು ಹೆಜ್ಜಿ.”

“ಗಿಡಾ ಎಲ್ಲೈತಿ ಮಾವಾ? ರಸ್ತಾ ಮಾಡೂವಾಗ ಕಡದಾರಲ್ಲ. ಅದರ ಬೊಡ್ಡೀನೂ ಉಳದಿಲ್ಲ.”

ಭಾಗಪ್ಪನ ಬೆರಳು ಅಲ್ಲೇ ನಿಂತಿತು. ಹೆಜ್ಜೆ ಎಣಿಸಲು ಶುರು ಮಾಡುವ ಜಾಗವೇ ಕಳೆದುಹೋಗಿತ್ತು. ಮೂವತ್ತು ವರ್ಷ ತನ್ನ ತಲೆಯೊಳಗೆ ಭದ್ರವಾಗಿದೆ ಎಂದು ತಿಳಿದದ್ದು ಹೀಗೆ ಕೈಬಿಟ್ಟಿತಲ್ಲ ಅನ್ನಿಸಿತು ಎನ್ನುತ್ತಾರೆ. ಆಗ ಒಲೆಯ ಮುಂದಿನಿಂದ ಪರಸವ್ವನ ದನಿ ಬಂತು.

“ಅಲ್ಲಲ್ಲ. ನೀ ಚುಚ್ಚಿದ್ದು ತಪ್ಪೈತಿ. ಅವತ್ತೇ ಹೇಳಿದ್ರ ಕೇಳಲಿಲ್ಲ.”

“ನಿನಗೇನು ಗೊತ್ತು ಬೇ ಕೊಳವಿ ಬಗ್ಗಿ?”

“ಕೊಳವಿ ಗೊತ್ತಿಲ್ಲ. ಹುಲಿಗೆವ್ವನ ಸೀರಿ ಗೊತ್ತೈತಿ.”

ಕೈ ಒರೆಸಿಕೊಂಡು ಬಂದು, ಓಣಿಯ ನಡುವಿನ ಗಿಳಿಹಸಿರು ತುಂಡೊಂದನ್ನು ತೋರಿಸಿದರು. ಅದರ ಮೂಲೆಯಲ್ಲಿ ಹಳದಿ ದಾರದ ಒಂದು ಪುಟ್ಟ ಹೂವಿತ್ತು. ಬಟ್ಟೆ ಕೊಡುವಾಗ ಹುಲಿಗೆವ್ವ ಹೇಳಿದ್ದರಂತೆ: ಊರಿಗೆ ಕೊಳವೆ ಬಂದ ದಿನ ಆ ಸೀರೆ ಉಟ್ಟುಕೊಂಡಿದ್ದರು. ಅವರ ಮನೆ ಕಟ್ಟೆಯ ಮುಂದೆಯೇ ವಾಲ್ವಿನ ಗುಂಡಿ ತೋಡಿದ್ದರು, ಅವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ ಸಕ್ಕರೆ ಹಂಚಿದ್ದರು. ಆ ಗುರುತಿಗೆಂದೇ ಪರಸವ್ವ ಅಲ್ಲೊಂದು ಹೂ ಹೊಲಿದಿದ್ದರು. ಭಾಗಪ್ಪನ ಬೆಂಡಿನ ಗುಂಡು ಅದಕ್ಕಿಂತ ಎರಡು ಮನೆ ಆಚೆಗಿತ್ತು.

“ಹುಲಿಗೆವ್ವನ ಮನಿ ಮುಂದ ನಾ ಅಗಸೀನಲ್ಲ. ಏನೂ ಸಿಗಲಿಲ್ಲ,” ಎಂದ ಸಿದ್ದರಾಮ.

“ಈಗಿನ ಕಟ್ಟಿ ಮುಂದ ಅಗಸೀದಿ. ಆಗಿನ ಕಟ್ಟಿ ರಸ್ತಾದಾಗ ಹೋಗೈತಿ. ಹೊಸಾ ಮನಿ ಕಟ್ಟೂವಾಗ ಅವರು ಹಿಂದ ಸರದಾರ,” ಎಂದರು ಪರಸವ್ವ.

ಮರುದಿನ ನಸುಕಿಗೆ ಭಾಗಪ್ಪನನ್ನು ಮೂರು ಗಾಲಿಯ ಟಂಟಂ ಗಾಡಿಯಲ್ಲಿ ಕೂರಿಸಿಕೊಂಡು ಹೋದರು. ಪರಸವ್ವ ಪಕ್ಕದಲ್ಲಿ. ಹುಲಿಗೆವ್ವ ಹೊರಗೆ ಬಂದು, ರಸ್ತೆಯ ನಡುವೆ ನಿಂತು, ಹಳೆಯ ಮನೆಯ ಬಾಗಿಲನ್ನು ಮನಸ್ಸಿನಲ್ಲೇ ತೆರೆದು ಹೊರಬಂದವರಂತೆ ಎರಡು ಹೆಜ್ಜೆ ಇಟ್ಟು, ಪಾದದಿಂದ ಗೆರೆ ಎಳೆದರು. “ಇಲ್ಲಿ ಕುಂತು ನಾ ಅಕ್ಕಿ ಆರಿಸ್ತಿದ್ದೆ,” ಎಂದರು. ಅಲ್ಲಿ ಸಿಮೆಂಟು ಒಡೆದರು. ಎರಡೂವರೆ ಅಡಿ ಇಳಿದಾಗ ಗುದ್ದಲಿ ಠಣ್ ಎಂದಿತು. ತುಕ್ಕು ಹಿಡಿದ ವಾಲ್ವಿನ ಒಳಗಿನ ತಟ್ಟೆ ಮುರಿದು, ಕೆಳಗೆ ಬಿದ್ದು, ದಾರಿ ಮುಚ್ಚಿಕೊಂಡಿತ್ತು.

ಸಿದ್ದರಾಮ ಬಬಲೇಶ್ವರಕ್ಕೆ ಗಾಡಿ ಓಡಿಸಿ ಹೊಸ ವಾಲ್ವು ತಂದು ಕೂರಿಸುವಾಗ ಮಧ್ಯಾಹ್ನ ಮೂರು. ಅಷ್ಟೂ ಹೊತ್ತು ಭಾಗಪ್ಪ ಛತ್ರಿಯ ಕೆಳಗೆ ಕುರ್ಚಿ ಹಾಕಿಸಿಕೊಂಡು ಗುಂಡಿಯ ಪಕ್ಕವೇ ಇದ್ದರು. ನೀರು ಬಿಟ್ಟಾಗ ಚಾವಿಗೆ ಕಿವಿ ಹಚ್ಚಿದರು. ಓಣಿಯವರೆಲ್ಲ ಅವರ ಮುಖವನ್ನೇ ನೋಡುತ್ತ ನಿಂತಿದ್ದರು. ಅವರು ಕಣ್ಣು ತೆರೆದು, ಹುಲಿಗೆವ್ವನ ಕಡೆ ತಿರುಗಿ, “ಕೊಡಾ ಹಿಡಿ ತಂಗೀ,” ಎಂದರು.

ಹುಲಿಗೆವ್ವನ ಕೊಡ ಒಡೆದಿತ್ತಲ್ಲ. ಪಕ್ಕದ ಮನೆಯವರು ತಮ್ಮದನ್ನು ಕೊಟ್ಟರು.

ಮಳೆಗಾಲದ ಆರಂಭಕ್ಕೆ ಭಾಗಪ್ಪ ಮತ್ತೆ ಚಾವಿ ಹಿಡಿದರು. ಪೂರ್ತಿ ಕೆಲಸಕ್ಕೆ ಬನ್ನಿ, ಆಳು ಕೊಡುತ್ತೇವೆ ಎಂದು ಊರವರು ಅಂದರೂ ಅವರು ಬೆಳಗಿನ ಹನ್ನೊಂದು ವಾಲ್ವಷ್ಟೇ ಸಾಕೆಂದರು. ವಾರಕ್ಕೊಂದು ದಿನ ಸಿದ್ದರಾಮನನ್ನು ಜೊತೆಗೆ ನಡೆಸಿಕೊಂಡು ಹೋಗಿ ಒಂದೊಂದು ಓಣಿಯ ಗುರುತು ತೋರಿಸಿದರು. ಆತ ಎಲ್ಲವನ್ನೂ ಒಂದು ವಹಿಯಲ್ಲಿ ಬರೆದುಕೊಂಡಿದ್ದಾನೆ.

ದಂಟಿನ ಊರು ಏನಾಯಿತು? ಭಾಗಪ್ಪ ಹಿತ್ತಲ ಕಡೆ ಕೈ ತೋರಿಸುತ್ತಾರೆ. ಅಲ್ಲಿ ಗೂಟಕ್ಕೆ ಕಟ್ಟಿದ ಆಡು ಮೆಲುಕು ಹಾಕುತ್ತಿದೆ. “ಆಷಾಢದಾಗ ಹಗ್ಗಾ ಹರಕೊಂಡು ಬಂದು ಟ್ಯಾಂಕು ತಿಂತ್ರಿ. ಮೇಲಿನ ಓಣಿ ಪೂರಾ ತಿಂತು. ಹೊಡೀಬೇಕಂತ ಕೋಲು ಎತ್ತಿದ್ರ ಇವಳು ನಗಾಕತ್ತಳು. ನನಗೂ ನಗು ಬಂತು.” ಉಳಿದ ಬೆಂಡು, ಗುಂಡುಸೂಜಿ ಕಿತ್ತು, ಕೌದಿಯನ್ನು ಪರಸವ್ವ ಒಗೆದು ಒಣಗಿಸಿದರು. ಈ ಚಳಿಗೆ ಮನೆಯವರು ಅದನ್ನೇ ಹೊದೆಯುತ್ತಾರೆ. ಸಂಘಮಿತ್ರಾ ಓಣಿಗಳ ಮೇಲೆ ಬೆರಳಾಡಿಸುತ್ತ ನಿದ್ದೆ ಹೋಗುತ್ತಾಳಂತೆ.

ಹಿತ್ತಲಲ್ಲಿ ಈಗ ಒಂದು ಹೊಸ ಸಾಲು ಇದೆ. ಸಿದ್ದರಾಮನ ಸಂಬಂಧಿಕರೊಬ್ಬರು ಕನಮಡಿಯಿಂದ ತಂದುಕೊಟ್ಟ ಎತ್ತರದ ಹಳೆಯ ತಳಿಯ ಜೋಳ, ಇಪ್ಪತ್ತು ಗಿಡ. ದಂಟು ದಪ್ಪ, ಬೆಂಡು ಹೆಚ್ಚು. ಭಾಗಪ್ಪ ಬೆಳಗಿನ ಸುತ್ತು ಮುಗಿಸಿ ಬಂದು, ಎಂಟು ಸೂಜಿಗೆ ದಾರ ಹಾಕಿಟ್ಟು, ಆ ಸಾಲಿನ ಬುಡ ಕೆದರುತ್ತ ಕೂರುತ್ತಾರೆ. ಬಿಸಿಲು ನುಗ್ಗಿಯಿಂದ ಕರಿಬೇವಿಗೆ ಇಳಿಯುತ್ತದೆ. ಮಗಳು ಬಸ್ಸಿಗೆ ಹೊರಡುವ ಗಡಿಬಿಡಿಯಲ್ಲಿ ಒಂದು ದುಂಡುಮಲ್ಲಿಗೆ ಕಿತ್ತು ಮುಡಿಯುತ್ತಾಳೆ. ಒಳಗೆ ರೊಟ್ಟಿ ಬಡಿಯುವ ಸದ್ದು ನಿಧಾನಕ್ಕೆ, ಒಂದೇ ತಾಳದಲ್ಲಿ ಬರುತ್ತಿರುತ್ತದೆ.

ಇನ್ನೇನು ಬೇಕು ಎಂದು ಕೇಳಿದಾಗ ಭಾಗಪ್ಪ ಕೈಯ ಮಣ್ಣು ಕೊಡವಿಕೊಂಡರು. ಆಮೇಲೆ ಒಲೆಯ ಕಡೆ ನೋಡಿ, ದನಿ ತಗ್ಗಿಸಿ ಹೇಳಿದರು.

“ಇವಳು ಇಡೀ ಊರು ಹೊಲದಾಳ. ನಾ ಬಾಯಿಲೇ ಹೇಳಿದ್ದು ಕೇಳಿ, ಒಮ್ಮೀನೂ ಮ್ಯಾಲಿಂದ ನೋಡ್ಲಾರದ ಹೊಲದಾಳ. ನಾ ಟ್ಯಾಂಕಿನ ಮ್ಯಾಲ ನಿಂತು ಸಾವಿರ ಸಲ ನೋಡೇನಿ. ಹೊತ್ತು ಹುಟ್ಟೂವಾಗ ಒಮ್ಮೆ ಕರಕೊಂಡು ಹೋಗಿ ತೋರಿಸಬೇಕ್ರಿ.”

ಪರಸವ್ವನಿಗೆ ಕೇಳಿಸಿತ್ತು. “ಅಲ್ಲಿಂದ ನಮ್ಮನಿ ಕಾಣ್ತೈತೇನು?” ಒಳಗಿನಿಂದಲೇ ಕೇಳಿದರು.

“ಕಾಣ್ತೈತಿ. ನುಗ್ಗಿ ಗಿಡಾ ಕಾಣ್ತೈತಿ. ನೀ ಅಂಗಳಾ ಕಸಾ ಹೊಡ್ಯೂದು ಕಾಣ್ತೈತಿ.”

“ನಾನೇ ಮ್ಯಾಲ ಬಂದ್ರ ಕಸಾ ಹೊಡ್ಯಾವರು ಯಾರು?”

ಭಾಗಪ್ಪ ನಕ್ಕರು. ಟ್ಯಾಂಕಿನ ಸುತ್ತು ಮೆಟ್ಟಿಲು ಒಟ್ಟು ಅರವತ್ತೆಂಟು. ದೀಪಾವಳಿಯಿಂದ ಅವರು ದಿನಾ ನಸುಕಿಗೆ, ಮೊದಲ ವಾಲ್ವು ತೆರೆಯುವ ಮುಂಚೆಯೇ ಬಂದು, ಕಂಬಿ ಹಿಡಿದು ಏರಿ ಇಳಿಯುತ್ತಿದ್ದಾರೆ. ಮೊದಲ ದಿನ ಆರೇ ಮೆಟ್ಟಿಲು. ಯಾರಿಗೂ ಹೇಳಿರಲಿಲ್ಲ.

“ಇವತ್ತ ಐವತ್ತೆರಡು ಏರೇನಿ,” ಎಂದರು ತೊಡೆ ನೀವಿಕೊಳ್ಳುತ್ತ. “ಇನ್ನ ಹದಿನಾರ ಉಳದಾವು.”